27 ವಸ್ತುಗಳಿಂದ 91 ಬದುಕುಗಳವರೆಗೆ: ಚಿಕ್‌ಸೆಂಟ್‌ಮಿಹಾಯಿಯವರ 'ಕ್ರಿಯೇಟಿವಿಟಿ'

ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವ ನಾನು ಮಕ್ಕಳನ್ನು ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಸಿದ್ಧಪಡಿಸುವಾಗ ಪ್ರತಿವರ್ಷವೂ ಒಂದೇ ಕ್ರಮವನ್ನು ಅನುಸರಿಸುತ್ತ ಬಂದಿದ್ದೇನೆ. ಸ್ಟೂಲಿನ ಮೇಲೆ ಬಟ್ಟೆ ಹಾಸಿ, ಒಂದು ತಂಬಿಗೆ, ಎರಡು ಬದನೆಕಾಯಿ, ಒಂದು ದಪ್ಪ ಪುಸ್ತಕವನ್ನು ಜೋಡಿಸಿ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಸರಿಪಡಿಸಿದ ಮೇಲೆ, ಇನ್ನು ಬರೆಯಿರಿ ಎನ್ನುತ್ತೇನೆ. ಯಾವುದನ್ನು ಬರೆಯಬೇಕು, ಯಾವುದರ ಪಕ್ಕದಲ್ಲಿ ಯಾವುದು ಇರಬೇಕು ಎಂಬ ಪ್ರಶ್ನೆಗಳನ್ನೆಲ್ಲ ಮಕ್ಕಳು ಒಳಗೆ ಬರುವ ಮೊದಲೇ ನಾನು ಮುಗಿಸಿಟ್ಟಿರುತ್ತೇನೆ. ಈ ಅಭ್ಯಾಸದ ಬಗ್ಗೆ ನನ್ನಲ್ಲಿ ಮೊದಲ ಅನುಮಾನ ಹುಟ್ಟಿಸಿದ್ದು ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಮನಶ್ಶಾಸ್ತ್ರಜ್ಞರ ಒಂದು ಹಳೆಯ ಪ್ರಯೋಗ. ಅದರ ಬೆನ್ನು ಹಿಡಿದು ಹೋದಾಗ ಸಿಕ್ಕಿದ್ದು ಅವರು 1996ರಲ್ಲಿ ಪ್ರಕಟಿಸಿದ 'ಕ್ರಿಯೇಟಿವಿಟಿ' ಎಂಬ, ಸುಮಾರು 450 ಪುಟಗಳ ಇಂಗ್ಲಿಷ್ ಗ್ರಂಥ. ಎರಡು ಬಾರಿ ಆದ್ಯಂತವಾಗಿ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಆ ಪ್ರಯೋಗವನ್ನು ಮೊದಲು ಹೇಳಬೇಕು, ಏಕೆಂದರೆ ಅದನ್ನು ತಿಳಿಯದೆ ಈ ಪುಸ್ತಕವನ್ನು ತೆರೆದರೆ ಇದು ಕೇವಲ ಪ್ರಸಿದ್ಧರ ಸಂದರ್ಶನಗಳ ಸಂಗ್ರಹದಂತೆ ಕಾಣುವ ಅಪಾಯವಿದೆ. 1960ರ ದಶಕದಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಚಿಕ್‌ಸೆಂಟ್‌ಮಿಹಾಯಿ, ತಮ್ಮ ಗುರುಗಳಾದ ಜೇಕಬ್ ಗೆಟ್ಜೆಲ್ಸ್ ಅವರೊಂದಿಗೆ ಅದೇ ಊರಿನ ಆರ್ಟ್ ಇನ್‌ಸ್ಟಿಟ್ಯೂಟಿನ ಕಲಾಶಾಲೆಯ 31 ವಿದ್ಯಾರ್ಥಿಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಕೋಣೆಯಲ್ಲಿ ಎರಡು ಮೇಜುಗಳಿದ್ದವು. ಒಂದರ ಮೇಲೆ ದ್ರಾಕ್ಷಿಗೊಂಚಲು, ವಾಹನದ ಉಕ್ಕಿನ ಗೇರು, ಮಖಮಲ್ಲಿನ ಟೋಪಿ, ಹಿತ್ತಾಳೆಯ ಕೊಂಬು, ಹಳೆಯ ಪುಸ್ತಕ, ಗಾಜಿನ ಪಟ್ಟಕ ಹೀಗೆ 27 ವಸ್ತುಗಳನ್ನು ಇಡಲಾಗಿತ್ತು. ಇವುಗಳಲ್ಲಿ ಬೇಕಾದವನ್ನು ಆರಿಸಿ, ಖಾಲಿ ಮೇಜಿನ ಮೇಲೆ ಇಷ್ಟಬಂದಂತೆ ಜೋಡಿಸಿಕೊಂಡು, ಒಂದು ವಸ್ತುಚಿತ್ರ ಬರೆಯಿರಿ ಎಂಬುದಷ್ಟೇ ಸೂಚನೆ.

ಕೆಲವರು ಎರಡು ಮೂರು ವಸ್ತುಗಳನ್ನು ಥಟ್ಟನೆ ಎತ್ತಿಕೊಂಡು ಜೋಡಿಸಿ ಬರೆಯತೊಡಗಿದರು. ಇನ್ನು ಕೆಲವರು ಹೆಚ್ಚು ವಸ್ತುಗಳನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಕೆಳಗಿಟ್ಟು, ಇತರರು ಮುಟ್ಟದ ವಸ್ತುವನ್ನೇ ಆರಿಸಿ, ಬರೆಯುತ್ತ ಬರೆಯುತ್ತಲೇ ಜೋಡಣೆಯನ್ನು ಬದಲಿಸಿದರು. ಯಾರು ಯಾವ ಬಗೆಯವರೆಂದು ತಿಳಿಯದ ತೀರ್ಪುಗಾರರು ಚಿತ್ರಗಳನ್ನು ಪರಿಶೀಲಿಸಿದಾಗ ಎರಡನೆಯ ಬಗೆಯವರ ಚಿತ್ರಗಳಲ್ಲಿಯೇ ಹೆಚ್ಚಿನ ಸ್ವಂತಿಕೆ ಕಂಡಿತು. ಅದಕ್ಕಿಂತ ಮುಖ್ಯವಾದದ್ದು ಆಮೇಲಿನದು. ಇಬ್ಬರೂ ಸಂಶೋಧಕರು ಈ ವಿದ್ಯಾರ್ಥಿಗಳನ್ನು ಬಿಡದೆ ಹಿಂಬಾಲಿಸಿದರು. ಶಾಲೆ ಬಿಟ್ಟ ವರ್ಷಗಳ ನಂತರ ಎಷ್ಟೋ ಮಂದಿ ಕಲೆಯನ್ನೇ ತೊರೆದಿದ್ದರು. ಕಲಾವಿದರಾಗಿ ನೆಲೆಯೂರಿದವರಲ್ಲಿ, ಅಂದು ಮೇಜಿನ ಮುಂದೆ ಪ್ರಶ್ನೆಯನ್ನು ಹುಡುಕುತ್ತ ಹೆಚ್ಚು ಹೊತ್ತು ಕಳೆದವರ ಪಾಲು ಗಮನಾರ್ಹವಾಗಿತ್ತು. 1976ರಲ್ಲಿ ಪುಸ್ತಕರೂಪದಲ್ಲಿ ಬಂದ ಆ ಅಧ್ಯಯನದ ತಿರುಳು ಇಷ್ಟು: ಕೊಟ್ಟ ಸಮಸ್ಯೆಯನ್ನು ಬಿಡಿಸುವ ಶಕ್ತಿ ಬೇರೆ, ಸಮಸ್ಯೆಯನ್ನೇ ಕಂಡುಕೊಳ್ಳುವ ಶಕ್ತಿ ಬೇರೆ. ನನ್ನ ತಂಬಿಗೆ ಮತ್ತು ಬದನೆಕಾಯಿಗಳು ಮೊದಲನೆಯದನ್ನು ಮಾತ್ರ ಪರೀಕ್ಷಿಸುತ್ತವೆ ಎಂಬುದು ಇಲ್ಲಿಗೆ ಬಂದಾಗ ನನಗೆ ಸ್ಪಷ್ಟವಾಯಿತು. 31 ಮಂದಿಯೂ ಗಂಡುಮಕ್ಕಳೇ ಆಗಿದ್ದರು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಷ್ಟು ಸಣ್ಣ, ಇಷ್ಟು ಏಕರೂಪದ ಗುಂಪಿನಿಂದ ಬಂದ ತೀರ್ಮಾನವನ್ನು ಎಚ್ಚರದಿಂದ ಹಿಡಿಯಬೇಕಾಗುತ್ತದೆ.

ಈ ವ್ಯಕ್ತಿ ಇಂಥ ಪ್ರಶ್ನೆಗೆ ಬಂದು ಮುಟ್ಟಿದ ದಾರಿಯೂ ನೇರವಾದದ್ದಲ್ಲ. 1934ರಲ್ಲಿ ಅವರು ಹುಟ್ಟಿದ ಫ್ಯೂಮೆ ಪಟ್ಟಣ ಅಂದು ಇಟಲಿಯಲ್ಲಿತ್ತು, ಇಂದು ಅದು ಕ್ರೊಯೇಷಿಯಾದ ರಿಯೆಕಾ. ತಂದೆ ಅಲ್ಲಿ ಹಂಗೆರಿಯ ರಾಯಭಾರ ಕಚೇರಿಯ ಅಧಿಕಾರಿ. ಎರಡನೆಯ ಮಹಾಯುದ್ಧ ಮನೆಯನ್ನು ಚೂರುಚೂರು ಮಾಡಿತು. ಒಬ್ಬ ಅಣ್ಣ ಬುಡಾಪೆಸ್ಟಿನ ಕಾಳಗದಲ್ಲಿ ಸತ್ತರೆ ಇನ್ನೊಬ್ಬ ಸೈಬೀರಿಯಾದ ಶಿಬಿರಗಳ ಪಾಲಾದ. ಹಂಗೆರಿಯಲ್ಲಿ ಕಮ್ಯುನಿಸ್ಟ್ ಆಡಳಿತ ನೆಲೆಗೊಂಡಾಗ ತಂದೆ ಹುದ್ದೆ ಬಿಟ್ಟು ರೋಮಿನಲ್ಲಿ ಹೋಟೆಲು ತೆರೆದರು, ಹುಡುಗ ಶಾಲೆ ಬಿಟ್ಟು ಅಲ್ಲಿ ಕೈಜೋಡಿಸಿದ. ಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ದೊಡ್ಡವರಲ್ಲಿ ಕೆಲವೇ ಕೆಲವರು ಮಾತ್ರ ಕುಸಿಯದೆ ಉಳಿದದ್ದನ್ನು ಕಂಡು, ಬದುಕನ್ನು ಬದುಕಲು ಯೋಗ್ಯವಾಗಿಸುವುದು ಯಾವುದು ಎಂಬ ಪ್ರಶ್ನೆ ತಮ್ಮಲ್ಲಿ ಹುಟ್ಟಿತೆಂದು ಅವರು 2004ರ ಒಂದು ಉಪನ್ಯಾಸದಲ್ಲಿ ಹೇಳಿದ್ದಾರೆ. ಸ್ವಿಟ್ಜರ್ಲೆಂಡಿಗೆ ಸ್ಕೀಯಿಂಗ್ ಆಡಲು ಹೋದಾಗ ಹಿಮ ಕರಗಿಹೋಗಿತ್ತು, ಸಿನಿಮಾ ನೋಡಲು ಹಣವಿರಲಿಲ್ಲ; ಹಾರುವ ತಟ್ಟೆಗಳ ಬಗ್ಗೆ ಒಂದು ಉಚಿತ ಉಪನ್ಯಾಸವಿದೆಯೆಂದು ತಿಳಿದು ಹೋಗಿ ಕೂತರೆ ಮಾತಾಡುತ್ತಿದ್ದವರು ಹೆಸರಾಂತ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್. ಅಲ್ಲಿಂದ ಮನಶ್ಶಾಸ್ತ್ರದ ಓದು ಆರಂಭವಾಯಿತು. 22ನೆಯ ವಯಸ್ಸಿನಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋದರು, 1965ರಲ್ಲಿ ಶಿಕಾಗೊದಲ್ಲಿ ಪಿಎಚ್.ಡಿ. ಪಡೆದರು.

ಕಲಾಶಾಲೆಯಲ್ಲಿ ವಿದ್ಯಾರ್ಥಿಗಳನ್ನು ನೋಡುತ್ತ ಕೂತಿದ್ದಾಗ ಅವರ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಅವರ ಮುಂದಿನ ಜೀವಮಾನವನ್ನೇ ಆಕ್ರಮಿಸಿಕೊಂಡಿತು. ಚಿತ್ರ ಬರೆಯುತ್ತಿರುವಾಗ ಹಸಿವು, ದಣಿವು, ಹೊತ್ತು ಯಾವುದರ ಪರಿವೆಯೂ ಇಲ್ಲದೆ ಇದ್ದವರು, ಚಿತ್ರ ಮುಗಿದ ಕೂಡಲೇ ಅದನ್ನು ಗೋಡೆಗೆ ಒರಗಿಸಿ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಮುಗಿದ ಚಿತ್ರವೇ ಗುರಿಯಾಗಿದ್ದರೆ ಹೀಗೇಕೆ ಆಗಬೇಕು? ಬಹುಮಾನ ಮತ್ತು ಶಿಕ್ಷೆಯ ಲೆಕ್ಕದಲ್ಲಿಯೇ ಮನುಷ್ಯನ ನಡವಳಿಕೆಯನ್ನು ವಿವರಿಸುತ್ತಿದ್ದ ಅಂದಿನ ಮನಶ್ಶಾಸ್ತ್ರದಲ್ಲಿ ಇದಕ್ಕೆ ತೃಪ್ತಿಕರವಾದ ಉತ್ತರವಿರಲಿಲ್ಲ. ಬಂಡೆ ಹತ್ತುವವರು, ಚೆಸ್ ಆಟಗಾರರು, ನರ್ತಕರು, ಶಸ್ತ್ರವೈದ್ಯರು ಮೊದಲಾದವರನ್ನು ಮಾತಾಡಿಸಿ ಅವರು 1975ರಲ್ಲಿ ಮಂಡಿಸಿದ 'ಫ್ಲೋ' ಎಂಬ ಕಲ್ಪನೆ, ಅಂದರೆ ಕೆಲಸದ ಸವಾಲೂ ಮಾಡುವವನ ಕೌಶಲವೂ ಸರಿಸಮನಾಗಿ ನಿಂತಾಗ ಒದಗುವ ತಲ್ಲೀನತೆ, ಇಂದು ಜಗತ್ತಿನೆಲ್ಲೆಡೆ ಅವರ ಹೆಸರಿನೊಂದಿಗೆ ಅಂಟಿಕೊಂಡಿದೆ. ಅದೇ ದಶಕದಲ್ಲಿ ಜನರ ಕೈಗೆ ಪೇಜರ್ ಕೊಟ್ಟು, ದಿನಕ್ಕೆ ಸುಮಾರು ಎಂಟು ಬಾರಿ ಅನಿರೀಕ್ಷಿತ ಹೊತ್ತಿನಲ್ಲಿ ಅದು ಸದ್ದು ಮಾಡಿದಾಗಲೆಲ್ಲ, ಆ ಕ್ಷಣ ಏನು ಮಾಡುತ್ತಿದ್ದೀರಿ, ಮನಸ್ಸು ಹೇಗಿದೆ ಎಂದು ಬರೆಸಿಕೊಳ್ಳುವ ವಿಧಾನವನ್ನೂ ಅವರು ಮತ್ತು ಅವರ ಸಂಗಡಿಗರು ರೂಪಿಸಿದರು. ನೆನಪಿನ ಮೇಲೆ ಪೂರ್ತಿ ಭರವಸೆ ಇಡದ ಈ ವಿಧಾನದ ಬಗ್ಗೆ ನನಗೆ ಬಹಳ ಗೌರವವಿದೆ. 'ಕ್ರಿಯೇಟಿವಿಟಿ'ಯ ಒಂದು ಕೊರತೆಯನ್ನು ಹೇಳುವಾಗ ಇದು ಮತ್ತೆ ಬರುತ್ತದೆ.

ಇನ್ನು ಪುಸ್ತಕಕ್ಕೆ ಬರೋಣ. 1990ರಿಂದ 1995ರವರೆಗೆ ಚಿಕ್‌ಸೆಂಟ್‌ಮಿಹಾಯಿ ಮತ್ತು ಅವರ ವಿದ್ಯಾರ್ಥಿಗಳು ವಿಜ್ಞಾನ, ಕಲೆ, ಸಾಹಿತ್ಯ, ವಾಣಿಜ್ಯ ಮೊದಲಾದ ಕ್ಷೇತ್ರಗಳಲ್ಲಿ ಬದಲಾವಣೆ ತಂದರೆಂದು ಮಾನ್ಯರಾದ 91 ಮಂದಿಯನ್ನು ಸಂದರ್ಶಿಸಿದರು. ಸಾಮಾನ್ಯವಾಗಿ 60 ವರ್ಷ ದಾಟಿದವರನ್ನೇ ಆರಿಸಿಕೊಳ್ಳಲಾಯಿತು. ಕೇಳಿಕೊಂಡದ್ದು 275 ಮಂದಿಯನ್ನು. ಒಪ್ಪಿದವರು ಮೂರನೆಯ ಒಂದು ಭಾಗ. ಒಪ್ಪದವರ ಉತ್ತರಗಳನ್ನು ಲೇಖಕರು ಮರೆಮಾಡದೆ ಮೊದಲ ಅಧ್ಯಾಯದಲ್ಲಿಯೇ ಕೊಟ್ಟಿದ್ದಾರೆ, ಇಡೀ ಪುಸ್ತಕದಲ್ಲಿ ನಾನು ಅತ್ಯಂತ ಇಷ್ಟಪಟ್ಟ ಪುಟಗಳಲ್ಲಿ ಇವೂ ಸೇರಿವೆ. ಇಂಥ ಆಹ್ವಾನಗಳನ್ನೆಲ್ಲ ಹಾಕಲು ಬಹಳ ದೊಡ್ಡದೊಂದು ಕಸದಬುಟ್ಟಿ ಇಟ್ಟುಕೊಂಡಿರುವುದೇ ತಮ್ಮ ಕೆಲಸ ಸಾಗುವ ಗುಟ್ಟುಗಳಲ್ಲೊಂದು ಎಂದು ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಬರೆದರು. ಕಾದಂಬರಿಕಾರ ಸಾಲ್ ಬೆಲೊ ಅವರ ಕಾರ್ಯದರ್ಶಿ, ಇತರರ ಅಧ್ಯಯನದ ವಸ್ತುವಾಗಲು ಒಪ್ಪದೆ ಇರುವುದರಿಂದಲೂ ಅವರು ಇಳಿವಯಸ್ಸಿನಲ್ಲಿ ಸೃಜನಶೀಲರಾಗಿ ಉಳಿದಿದ್ದಾರೆ ಎಂದು ತಿಳಿಸಿದರು. ಸಂಗೀತ ಸಂಯೋಜಕ ಜ್ಯೋರ್ಗ್ ಲಿಗೆಟಿಯವರ ಕಡೆಯಿಂದ ಬಂದ ಉತ್ತರ ಇನ್ನೂ ಸೊಗಸಾದದ್ದು: ನೀವು ಅವರನ್ನು ಅಧ್ಯಯನ ಮಾಡಬಯಸುವ ಕಾರಣ ಯಾವುದೋ, ಅವರಿಗೆ ಬಿಡುವಿಲ್ಲದಿರುವ ಕಾರಣವೂ ಅದೇ. ಸಮಯವನ್ನು ಕಾಯ್ದುಕೊಳ್ಳುವ ಈ ಕಠಿಣತೆ ಸೃಜನಶೀಲರ ಸ್ವಭಾವದ ಬಗ್ಗೆ ಎಷ್ಟೋ ಸಂದರ್ಶನಗಳಿಗಿಂತ ಹೆಚ್ಚು ಹೇಳುತ್ತದೆ.

ಪುಸ್ತಕದ ಮುಖ್ಯ ವಾದ ಎರಡನೆಯ ಅಧ್ಯಾಯದಲ್ಲಿದೆ. ಸೃಜನಶೀಲತೆ ಎಂದರೇನು ಎಂದು ಕೇಳುವ ಬದಲು ಅದು ಇರುವುದು ಎಲ್ಲಿ ಎಂದು ಕೇಳಬೇಕು ಎನ್ನುತ್ತಾರೆ ಲೇಖಕರು. ಅವರ ಪ್ರಕಾರ ಅದು ಯಾರೊಬ್ಬರ ತಲೆಯೊಳಗೂ ಇಲ್ಲ. ಮೂರರ ಸಂಬಂಧದಲ್ಲಿ ಅದು ಘಟಿಸುತ್ತದೆ. ಮೊದಲನೆಯದು ಗಣಿತ, ಸಂಗೀತ, ತಳಿವಿಜ್ಞಾನದಂಥ, ತನ್ನದೇ ಸಂಕೇತಗಳೂ ನಿಯಮಗಳೂ ಇರುವ ಡೊಮೇನ್. ಎರಡನೆಯದು ಹೊಸದರಲ್ಲಿ ಯಾವುದನ್ನು ಒಳಗೆ ಬಿಟ್ಟುಕೊಳ್ಳಬೇಕೆಂದು ನಿರ್ಧರಿಸುವ ವಿದ್ವಾಂಸರು, ವಿಮರ್ಶಕರು, ಸಂಪಾದಕರು, ಪೋಷಕರು ಸೇರಿದ ಫೀಲ್ಡ್. ಮೂರನೆಯದು ವ್ಯಕ್ತಿ. ಕನ್ನಡದಲ್ಲಿ ಮೊದಲ ಎರಡಕ್ಕೂ ನಾವು 'ಕ್ಷೇತ್ರ' ಎಂಬ ಒಂದೇ ಪದವನ್ನು ಬಳಸುವುದರಿಂದ ಓದುವಾಗ ತೊಡಕಾಗುತ್ತದೆ. ನಾನು ಮೊದಲನೆಯದನ್ನು ವಿದ್ಯೆಯೆಂದೂ ಎರಡನೆಯದನ್ನು ಬಲ್ಲವರ ವಲಯವೆಂದೂ ಕರೆದುಕೊಂಡು ಓದಿದೆ. ಆಗ ವಾದ ತಿಳಿಯಾಯಿತು.

ಬಲ್ಲವರ ವಲಯಕ್ಕೆ ಲೇಖಕರು ಕೊಡುವ ತೂಕವೇ ಈ ಪುಸ್ತಕದ ಧೈರ್ಯ. 1400ರಿಂದ 1425ರವರೆಗಿನ ಫ್ಲಾರೆನ್ಸ್ ನಗರವನ್ನು ಅವರು ಉದಾಹರಣೆಗೆ ತೆಗೆದುಕೊಳ್ಳುತ್ತಾರೆ. ಬ್ರುನೆಲ್ಲೆಸ್ಕಿ, ಗಿಬೆರ್ಟಿ, ಡೊನಾಟೆಲ್ಲೊ, ಮಸಾಚ್ಚೊ ಇಷ್ಟು ಮಂದಿ ದೊಡ್ಡ ಕಲಾವಿದರು ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಹುಟ್ಟಿಕೊಂಡದ್ದು ಆಕಸ್ಮಿಕವೆನ್ನಲು ಸಾಧ್ಯವಿಲ್ಲ. ಪ್ರಾಚೀನ ರೋಮನ್ನರ ಕಟ್ಟಡವಿದ್ಯೆ ಆಗಷ್ಟೇ ಮತ್ತೆ ಕೈಗೆ ಸಿಕ್ಕಿತ್ತು. ಜೊತೆಗೆ, ಹಣವಿದ್ದ ಬ್ಯಾಂಕಿನ ಮನೆತನಗಳೂ ವ್ಯಾಪಾರಿ ಸಂಘಗಳೂ ತಮ್ಮ ಊರನ್ನು ಎಲ್ಲಕ್ಕಿಂತ ಸುಂದರವಾಗಿಸಬೇಕೆಂದು ಹೊರಟು, ಕಲಾವಿದರಿಗೆ ಹಣ ಕೊಟ್ಟದ್ದಷ್ಟೇ ಅಲ್ಲದೆ ಅವರ ಕೆಲಸವನ್ನು ಪರೀಕ್ಷಿಸಿ, ಕೆಣಕಿ, ಇನ್ನೂ ಉತ್ತಮವಾದದ್ದನ್ನು ಬೇಡಿದವು. ಬಹಳ ಕಾಲ ಗುಮ್ಮಟವಿಲ್ಲದೆ ಬಾಯ್ತೆರೆದು ನಿಂತಿದ್ದ ಊರಿನ ದೊಡ್ಡ ಚರ್ಚಿನ ಮೇಲೆ ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟ 1436ರಲ್ಲಿ ಪೂರ್ಣಗೊಂಡದ್ದರ ಹಿಂದೆ ಅವನ ಪ್ರತಿಭೆಯಷ್ಟೇ ಈ ಬೇಡಿಕೆಯೂ ಇತ್ತು. ಇದಕ್ಕೆ ವಿರುದ್ಧವಾದ ಉದಾಹರಣೆ ತಳಿವಿಜ್ಞಾನದ ಮೂಲಪುರುಷ ಮೆಂಡೆಲ್. ಬಟಾಣಿ ಗಿಡಗಳ ಮೇಲಿನ ಅವರ ಪ್ರಬಂಧ 1866ರಲ್ಲಿ ಅಚ್ಚಾದರೂ ಅದರ ಮಹತ್ವ ತಿಳಿದದ್ದು 1900ರಲ್ಲಿ. ಹಾಗಾದರೆ ಮೆಂಡೆಲ್ ಸೃಜನಶೀಲರಾದದ್ದು ಯಾವಾಗ ಎಂಬ ಪ್ರಶ್ನೆಗೆ ಲೇಖಕರ ಉತ್ತರ ಓದುಗರನ್ನು ಬೆಚ್ಚಿಬೀಳಿಸುವಂಥದು: ಆ ಪ್ರಯೋಗಗಳ ಅರ್ಥವನ್ನು ಗ್ರಹಿಸಿದ ನಂತರದ ವಿಜ್ಞಾನಿಗಳಿಗೂ ಆ ಸೃಜನಶೀಲತೆಯಲ್ಲಿ ಪಾಲಿದೆ.

ಈ ಮಾತು ನಮಗೆ ತೀರ ಹೊಸದೇನಲ್ಲ ಎಂದು ಓದುವಾಗ ಅನ್ನಿಸಿತು. ಹೊಸ ಹೊಸದಾಗಿ ಅರಳುವ ಪ್ರಜ್ಞೆಯೇ ಪ್ರತಿಭೆ ಎಂದು ಸಂಸ್ಕೃತ ಕಾವ್ಯಮೀಮಾಂಸಕ ಭಟ್ಟತೌತ ಹೇಳಿದರೆ, ಅವನ ಶಿಷ್ಯ ಅಭಿನವಗುಪ್ತ 'ಧ್ವನ್ಯಾಲೋಕ'ಕ್ಕೆ ಬರೆದ 'ಲೋಚನ' ವ್ಯಾಖ್ಯಾನದ ಮೊದಲ ಪದ್ಯದಲ್ಲಿ ಸರಸ್ವತಿಯ ತತ್ತ್ವವನ್ನು ಕವಿ ಮತ್ತು ಸಹೃದಯ (ಕಾವ್ಯವನ್ನು ಸವಿಯಬಲ್ಲ ಓದುಗ) ಎಂಬ ಜೋಡಿ ಹೆಸರಿನಿಂದ ಕರೆಯುತ್ತಾನೆ. ಕನ್ನಡದಲ್ಲಿ ಕಾವ್ಯಮೀಮಾಂಸೆ ಓದಿದವರಿಗೆ ಕೃತಿ ಇಬ್ಬರ ನಡುವೆ ಪೂರ್ಣಗೊಳ್ಳುತ್ತದೆ ಎಂಬ ನೋಟ ಪರಿಚಿತ. ಆದರೆ ಎರಡನ್ನೂ ಒಂದೇ ಎನ್ನುವುದು ತಪ್ಪಾದೀತು. ಸಹೃದಯನು ಆಸ್ವಾದಿಸುತ್ತಾನೆ, ಚಿಕ್‌ಸೆಂಟ್‌ಮಿಹಾಯಿಯವರ ವಲಯವು ಬಾಗಿಲು ಕಾಯುತ್ತದೆ. ಹಣ, ಹುದ್ದೆ, ಪ್ರಕಟಣೆಗಳನ್ನು ಹಂಚುತ್ತದೆ.

ವ್ಯಕ್ತಿಯ ಬಗೆಗಿನ ಅಧ್ಯಾಯ ಇಷ್ಟೇ ಉತ್ತಮವಾಗಿದೆ. ಸೃಜನಶೀಲರಿಗೆ ಒಂದು ನಿರ್ದಿಷ್ಟ ಸ್ವಭಾವವಿದೆ ಎನ್ನದೆ, ಸಾಮಾನ್ಯವಾಗಿ ಒಬ್ಬರಲ್ಲಿ ಒಟ್ಟಿಗಿರದ ಗುಣಗಳು ಅವರಲ್ಲಿ ಜೊತೆಯಾಗಿರುತ್ತವೆ ಎಂದು ಲೇಖಕರು ಹತ್ತು ಜೋಡಿಗಳನ್ನು ಗುರುತಿಸುತ್ತಾರೆ. ಆಟದ ಮನೋಭಾವವೂ ಶಿಸ್ತೂ, ವಿನಯವೂ ಅಭಿಮಾನವೂ, ಪರಂಪರೆಯ ನಿಷ್ಠೆಯೂ ಬಂಡಾಯವೂ ಹೀಗೆ. ಪಟ್ಟಿ ಎಂದರೆ ಬೇಸರವಾಗಬಹುದಾಗಿದ್ದ ಈ ಭಾಗವನ್ನು ಸಂದರ್ಶನಗಳ ವಿವರಗಳು ಬದುಕಿಸಿವೆ. 230 ಪೇಟೆಂಟುಗಳನ್ನು ಪಡೆದಿದ್ದ ಆವಿಷ್ಕಾರಕ ಜೇಕಬ್ ರಾಬಿನೋ, ನಿಧಾನವಾಗಿ ಸಾಗುವ ಕೆಲಸ ಎದುರಾದಾಗ ತಾನು ಸೆರೆಮನೆಯಲ್ಲಿದ್ದೇನೆಂದು ಊಹಿಸಿಕೊಳ್ಳುತ್ತಿದ್ದರಂತೆ, ಸೆರೆಯಲ್ಲಿರುವವನಿಗೆ ಅವಸರವೆಲ್ಲಿಯದು? ಭೌತವಿಜ್ಞಾನಿ ಫ್ರೀಮನ್ ಡೈಸನ್ ವಿಜ್ಞಾನದ ಕೆಲಸ ಮಾಡುವಾಗ ಕೋಣೆಯ ಬಾಗಿಲನ್ನು ತೆರೆದಿಡುತ್ತಿದ್ದರು, ಪುಸ್ತಕ ಬರೆಯುವಾಗ ಮುಚ್ಚುತ್ತಿದ್ದರು. ಒಂದೇ ಗ್ಯಾಲಕ್ಸಿಯಲ್ಲಿ ಒಂದಷ್ಟು ನಕ್ಷತ್ರಗಳು ಒಂದು ದಿಕ್ಕಿಗೂ ಉಳಿದವು ವಿರುದ್ಧ ದಿಕ್ಕಿಗೂ ಸುತ್ತುತ್ತಿರುವುದನ್ನು ಖಗೋಳವಿಜ್ಞಾನಿ ವೆರಾ ರೂಬಿನ್ ಕಂಡುಕೊಂಡ ಕಥೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ, ಏಕೆಂದರೆ ಅವರು ಅದನ್ನು ಹುಡುಕಿಕೊಂಡು ಹೊರಟಿರಲಿಲ್ಲ. ಕೈಯಲ್ಲಿದ್ದ ದಾಖಲೆ ಏಕೋ ಸರಿಹೊಂದುತ್ತಿಲ್ಲ ಎಂಬ ಕಸಿವಿಸಿಯನ್ನು ತಳ್ಳಿಹಾಕದೆ ಉಳಿಸಿಕೊಂಡದ್ದರಿಂದ ಪ್ರಶ್ನೆ ತಾನಾಗಿ ರೂಪುಗೊಂಡಿತು. ಕಲಾಶಾಲೆಯ ಮೇಜಿನ ಮುಂದೆ ವಸ್ತುಗಳನ್ನು ತಿರುಗಿಸಿ ನೋಡುತ್ತಿದ್ದ ಹುಡುಗರಿಗೂ ಈ ವಿಜ್ಞಾನಿಗೂ ಇರುವ ಹೋಲಿಕೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

'ಫ್ಲೋ' ಕುರಿತ ಐದನೆಯ ಅಧ್ಯಾಯವನ್ನು ನಾನು ಪುನರುಕ್ತಿಯೆಂದು ಭಾವಿಸಿ ತೆರೆದೆ, ಹಾಗಿರಲಿಲ್ಲ. ತಲ್ಲೀನತೆಗೆ ಗುರಿ ಸ್ಪಷ್ಟವಾಗಿರಬೇಕು, ಕೆಲಸ ಹೇಗೆ ಸಾಗುತ್ತಿದೆಯೆಂಬುದು ಆಗಾಗಲೇ ತಿಳಿಯಬೇಕು ಎಂಬುದು ಅವರ ಹಳೆಯ ತೀರ್ಮಾನ. ಬಂಡೆ ಹತ್ತುವವನಿಗೆ ಇವೆರಡೂ ಇವೆ, ಕವಿಗೆ ಎಲ್ಲಿವೆ? ಬಲ್ಲವರ ವಲಯದ ತೀರ್ಪನ್ನು ವ್ಯಕ್ತಿಯು ವರ್ಷಗಟ್ಟಲೆಯ ಅಭ್ಯಾಸದಿಂದ ತನ್ನೊಳಗೇ ಇಳಿಸಿಕೊಂಡಿರುತ್ತಾನೆ, ಆದ್ದರಿಂದ ಬರೆದ ಸಾಲು ಸರಿಯೋ ಅಲ್ಲವೋ ಎಂಬುದನ್ನು ಯಾರನ್ನೂ ಕೇಳದೆ ಆ ಕ್ಷಣವೇ ಬಲ್ಲ ಎಂಬುದು ಅವರ ಉತ್ತರ. ಅವರ ಎರಡು ಸಂಶೋಧನಾ ಧಾರೆಗಳು ಒಂದಾಗಿ ಸೇರುವುದು ಇಲ್ಲಿಯೇ. ಮೂರು ದಶಕಗಳ ಕೆಲಸದ ಫಲವೇನೆಂದು ಯಾರಾದರೂ ಕೇಳಿದರೆ ನಾನು ಈ ಅಧ್ಯಾಯವನ್ನು ತೋರಿಸುತ್ತೇನೆ.

ಮಧ್ಯಭಾಗದ ಬಾಲ್ಯ, ಪ್ರಾಯ, ಮುಪ್ಪಿನ ಅಧ್ಯಾಯಗಳು ಓದಿಸಿಕೊಂಡು ಹೋಗುತ್ತವೆ, ಹೆಚ್ಚಿನ ಹೊಸತನ್ನು ಕೊಡುವುದಿಲ್ಲ. ಮೂರನೆಯ ಭಾಗದಲ್ಲಿ ಬರಹಗಾರರನ್ನು ಕುರಿತದ್ದು ಮಾತ್ರ ಬೇರೆ ಮಟ್ಟದ್ದು. ಜರ್ಮನಿಯಿಂದ ತಪ್ಪಿಸಿಕೊಂಡು ಡೊಮಿನಿಕನ್ ಗಣರಾಜ್ಯದಲ್ಲಿ ಆಶ್ರಯ ಪಡೆದು, ತಾಯಿ ತೀರಿಕೊಂಡ ದುಃಖದಲ್ಲಿ 40 ದಾಟಿದ ಮೇಲೆ ಕವಿತೆ ಬರೆಯತೊಡಗಿ, ಆಶ್ರಯ ಕೊಟ್ಟ ನಾಡಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡ ಹಿಲ್ಡೆ ಡೊಮಿನ್ ಅವರ ಭಾಗವನ್ನು ಓದುವಾಗ, ಯುದ್ಧದಲ್ಲಿ ಮನೆ ಕಳೆದುಕೊಂಡ ಲೇಖಕರೇ ಆಕೆಯ ಎದುರು ಕೂತು ಕೇಳಿಸಿಕೊಳ್ಳುತ್ತಿರುವಂತೆ ಭಾಸವಾಗುತ್ತದೆ.

ಕೊರತೆಗಳು ಸಣ್ಣವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಬಲ್ಲವರ ವಲಯ ಒಪ್ಪಿದರೆ ಮಾತ್ರ ಸೃಜನಶೀಲತೆ ಎಂಬುದು ಸಿದ್ಧಾಂತ; ಆ ವಲಯ ಈಗಾಗಲೇ ಒಪ್ಪಿದವರನ್ನೇ ಆರಿಸಿಕೊಂಡು ಸಂದರ್ಶಿಸಿದ್ದು ವಿಧಾನ. ಹೀಗಾಗಿ ಸಿದ್ಧಾಂತವನ್ನು ಅಲುಗಾಡಿಸಬಲ್ಲ ಸಾಕ್ಷಿ ಪುಸ್ತಕದೊಳಗೆ ಬರುವ ದಾರಿಯೇ ಇಲ್ಲ. ಅಷ್ಟೇ ಪ್ರತಿಭೆ, ಅಷ್ಟೇ ಶ್ರಮವಿದ್ದೂ ಬಾಗಿಲ ಹೊರಗೆ ಉಳಿದವರನ್ನು ಹೋಲಿಕೆಗಾದರೂ ಮಾತಾಡಿಸಿದ್ದರೆ, ಆ ಹತ್ತು ಜೋಡಿ ಗುಣಗಳು ಯಶಸ್ಸಿನ ಕಾರಣಗಳೋ ಅಥವಾ ಯಶಸ್ಸು ಕಂಡವರು ಹಿಂತಿರುಗಿ ನೋಡುವಾಗ ತಮ್ಮಲ್ಲಿ ಕಾಣುವ ಗುಣಗಳೋ ಎಂದು ತಿಳಿಯುತ್ತಿತ್ತು. 60 ದಾಟಿದವರ ನೆನಪನ್ನು ನೆಚ್ಚಿಕೊಂಡದ್ದು ಎರಡನೆಯ ಕೊರತೆ. ನೆನಪನ್ನು ನಂಬದೆ ಪೇಜರ್ ಹಿಡಿಸಿದ ಸಂಶೋಧಕರೇ ಇಲ್ಲಿ ನೆನಪಿಗೆ ಇಷ್ಟು ಸ್ಥಾನ ಕೊಟ್ಟದ್ದನ್ನು ಒಪ್ಪುವುದು ನನಗೆ ಕಷ್ಟವಾಯಿತು. ಸಂದರ್ಶಿತರಲ್ಲಿ ಬಹುಪಾಲು ಅಮೆರಿಕ ಮತ್ತು ಯುರೋಪಿನವರು ಎಂಬುದನ್ನು ಗಮನಿಸಿದರೆ, ಬಲ್ಲವರ ವಲಯವು ಜಾತಿ, ಮನೆತನ, ಗುರುಕುಲಗಳ ರೂಪದಲ್ಲಿರುವ ಸಮಾಜಗಳಲ್ಲಿ ಈ ಮಾದರಿ ಹೇಗೆ ನಡೆದೀತು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕುವಂತಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ನೆರಳಿಗೆ ಕಪ್ಪಿನ ಬದಲು ನೇರಳೆ ಬಣ್ಣ ಹಚ್ಚಿದ್ದು ಈ ಮಾದರಿಯ ಲೆಕ್ಕದಲ್ಲಿ ಸೃಜನಶೀಲತೆಯಲ್ಲ, ಏಕೆಂದರೆ ಚಿತ್ರಕಲೆ ಅದರಿಂದ ಬದಲಾಗಲಿಲ್ಲ. ಲೇಖಕರು ಈ ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡು ದೊಡ್ಡದನ್ನು ಮಾತ್ರ ಚರ್ಚಿಸುತ್ತೇನೆ ಎನ್ನುತ್ತಾರೆ. ಆ ಪ್ರಾಮಾಣಿಕತೆಯನ್ನು ಮೆಚ್ಚುತ್ತೇನೆ, ಶಿಕ್ಷಕಿಯಾಗಿ ಅಲ್ಲಿಗೇ ನಿಲ್ಲಲಾರೆ.

ಕೊನೆಯ ಅಧ್ಯಾಯದಲ್ಲಿ ಮಾತ್ರ ಅವರು ಆ ಗೆರೆಯನ್ನು ದಾಟಿ ಸಾಮಾನ್ಯ ಓದುಗರಿಗೆ ಸಲಹೆ ಕೊಡುತ್ತಾರೆ. ಪ್ರತಿದಿನ ಏನಾದರೊಂದಕ್ಕೆ ಬೆರಗಾಗಿ, ದಿನಕ್ಕೊಬ್ಬರನ್ನಾದರೂ ಬೆರಗುಗೊಳಿಸಿ, ಅವೆರಡನ್ನೂ ಬರೆದಿಡಿ ಎಂಬಂಥವು. ಸಲಹೆಗಳು ಕೆಟ್ಟವಲ್ಲ. ಆದರೆ 13 ಅಧ್ಯಾಯಗಳ ಉದ್ದಕ್ಕೂ ಸೃಜನಶೀಲತೆ ವ್ಯಕ್ತಿಯೊಳಗಿಲ್ಲ ಎಂದು ಸಾಧಿಸಿದವರು 14ನೆಯದರಲ್ಲಿ ವ್ಯಕ್ತಿಯನ್ನು ಮಾತ್ರ ತಿದ್ದಲು ಹೊರಟದ್ದು ಪುಸ್ತಕದ ತರ್ಕಕ್ಕೆ ಹೊಂದುವುದಿಲ್ಲ. ಅವರ ವಾದದಿಂದ ಸಹಜವಾಗಿ ಹೊರಡಬೇಕಾಗಿದ್ದ ಸಲಹೆಗಳು ಶಾಲೆಗಳಿಗೆ, ಪ್ರಕಾಶಕರಿಗೆ, ಬಹುಮಾನ ಸಮಿತಿಗಳಿಗೆ, ಅನುದಾನ ಕೊಡುವವರಿಗೆ ಸಲ್ಲಬೇಕಾದವು.

ಈ ಪುಸ್ತಕದ ನಂತರ ಅವರ ವೃತ್ತಿಜೀವನ ಬೇರೊಂದು ಕಡೆಗೆ ಹೊರಳಿತು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಅವರೊಂದಿಗೆ ಸೇರಿ, ಮನುಷ್ಯರ ರೋಗಗಳಷ್ಟೇ ಅಲ್ಲದೆ ಅವರ ಶಕ್ತಿಗಳನ್ನೂ ಅಧ್ಯಯನ ಮಾಡುವ ಸಕಾರಾತ್ಮಕ ಮನಶ್ಶಾಸ್ತ್ರಕ್ಕೆ 2000ದಲ್ಲಿ ಒಂದು ಪ್ರಣಾಳಿಕೆಯಂಥ ಲೇಖನ ಬರೆದರು. ಶಿಕಾಗೊ ಬಿಟ್ಟು ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ವಿಶ್ವವಿದ್ಯಾಲಯದಲ್ಲಿ ಜೀನ್ ನಕಮುರಾ ಅವರೊಂದಿಗೆ ಸಂಶೋಧನಾ ಕೇಂದ್ರ ಕಟ್ಟಿದರು. 2021ರ ಅಕ್ಟೋಬರಿನಲ್ಲಿ, 87ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. 'ಫ್ಲೋ'ದ ಖ್ಯಾತಿ ಅವರ ಉಳಿದ ಕೆಲಸವನ್ನು ಮರೆಮಾಡಿದೆ. ನನ್ನ ಅಭಿಪ್ರಾಯದಲ್ಲಿ ಸಮಸ್ಯೆಯನ್ನು ಕಂಡುಕೊಳ್ಳುವಿಕೆಯ ಬಗೆಗಿನ ಆ ಮೊದಲ ಅಧ್ಯಯನ ಹೆಚ್ಚು ಆಳವಾದದ್ದು.

ಕೊಳ್ಳಬೇಕೆನ್ನುವವರಿಗೆ: ಇಂಗ್ಲಿಷ್ ಸರಳವಾಗಿದೆ, ಪಾರಿಭಾಷಿಕ ಪದಗಳು ಕಡಿಮೆ, ಪದವಿ ಮಟ್ಟದ ವಿದ್ಯಾರ್ಥಿಗೆ ತೊಡಕಾಗದು. ಸಮಯ ಕಡಿಮೆಯಿದ್ದರೆ ಮೊದಲ ಆರು ಅಧ್ಯಾಯಗಳನ್ನೂ ಬರಹಗಾರರ ಅಧ್ಯಾಯವನ್ನೂ ಓದಿದರೆ ಸಾಕು. ಬಹಳ ಮಂದಿ ತೆರೆದೂ ನೋಡದ ಕೊನೆಯ ಅನುಬಂಧದಲ್ಲಿ ಆ 91 ಮಂದಿಗೆ ಕೇಳಿದ ಪ್ರಶ್ನೆಗಳಿವೆ. ನೇಕಾರರನ್ನೋ ಯಕ್ಷಗಾನ ಭಾಗವತರನ್ನೋ ಸಂದರ್ಶಿಸಲು ಹೊರಡುವ ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಅವು ಇದ್ದಂತೆಯೇ ಉಪಯೋಗಕ್ಕೆ ಬರುತ್ತವೆ. ನಾನಂತೂ ಈ ವರ್ಷ ಪರೀಕ್ಷೆಯ ಅಭ್ಯಾಸಕ್ಕೆಂದು ತಂಬಿಗೆ ಮತ್ತು ಬದನೆಕಾಯಿಗಳನ್ನು ಎಂದಿನಂತೆ ಜೋಡಿಸುತ್ತಿದ್ದೇನೆ, ಆದರೆ ಶನಿವಾರದ ತರಗತಿಯಲ್ಲಿ ಎರಡು ಡೆಸ್ಕುಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಮೇಲೆ ಮಕ್ಕಳೇ ಮನೆಯಿಂದ ತಂದ ಬೀಗ, ಕೌಳಿಗೆ, ಸೈಕಲ್ ಬೆಲ್ಲು, ತೆಂಗಿನ ಚಿಪ್ಪು, ಹರಿದ ಚಪ್ಪಲಿಗಳನ್ನು ಹರಡಿ, ಇನ್ನೊಂದನ್ನು ಖಾಲಿ ಬಿಡುತ್ತೇನೆ.